ಅತ್ತಿಯ ಲ್ಯಾಪ್‌ಟಾಪು

ಲಿಂಕನ್‌ನಿಂದ ಎರಡೇ ಬೋಗಿಯ ರೈಲು ಹಿಡಿದು
ಗ್ರಿಮ್ಸ್‌ಬಿಗೆ ಬಂದಿಳಿದಾಗ ನನ್ನ ಕೋಟಿನ ಜೇಬಿನಲ್ಲಿ
ಎರಡು ಪೆನ್‌ಡ್ರೈವು, ಒಂದು ಸ್ಕ್ರೂಡ್ರೈವರು,
ಅತ್ತಿ ಹೇಳಿದ್ದಕ್ಕೆ ತಂದ ಹಸಿಶುಂಠಿ.

ಬಾಗಿಲಲ್ಲೇ ಕೇಳಿದಳು ಕೃಪಾವತಿ ಅತ್ತಿ:
"ಬದುಕತದೇನವ್ವಾ?"
ಮೂವತ್ತೊಂದು ವರ್ಷ ಈ ಊರಿನ ಆಸ್ಪತ್ರೆಯಲ್ಲಿ
ಕೂಸುಗಳನ್ನು ಹಿಡಿದ ಕೈ
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡಿತ್ತು.

ಬದುಕಿತ್ತು, ಇಲ್ಲವೆನ್ನಲಾರೆ.
ಗುಂಡಿ ಒತ್ತಿದರೆ ಒಂದು ಚಹಾ ಕುದಿದು ಸೋಸುವಷ್ಟು ಹೊತ್ತು
ಫ್ಯಾನು ಗೊರಗೊರ ಎನ್ನುತ್ತಿತ್ತು,
ಆಮೇಲೆ ಪರದೆಯ ಮೇಲೆ ಯಾರೋ
ನಿಮಗೆ ಲಾಟರಿ ಹತ್ತಿದೆ ಎಂದು ಕೂಗುತ್ತಿದ್ದರು.

ಮೊದಲು ಇರುವುದನ್ನೆಲ್ಲ ಎತ್ತಿಡಬೇಕು ಅತ್ತಿ, ಅಂದೆ.
"ಏನ್ ಭಾಳ ಐತಿ, ನಾಕು ಫೋಟೋ."
ನಾಲ್ಕಲ್ಲ, ಹನ್ನೊಂದು ಸಾವಿರ.
ಹೊಸ ಫೋಲ್ಡರು, ಹೊಸ ಫೋಲ್ಡರು ಎರಡು,
ಹೊಸ ಫೋಲ್ಡರು ಒಂಬತ್ತರೊಳಗೆ ಮತ್ತೆ ಹೊಸ ಫೋಲ್ಡರು,
ಕ್ಲೀಥಾರ್ಪ್ಸ್ ದಂಡೆಯ ಒಂದೇ ಸೀಗಲ್ ಹಕ್ಕಿ ನಲವತ್ತು ಸಲ,
ಬಾಯ್ಲರಿನ ರಸೀದಿ,
ಚರ್ಚಿನ ಹೆಂಗಸರು ಕೇಕಿನ ಹಿಂದೆ ಸಾಲಾಗಿ, ಕಣ್ಣು ಮುಚ್ಚಿ,
ಮತ್ತೆ ಒಂದು ಪಟ್ಟಿ: ತಾರೀಕು, ಸಮಯ, ತೂಕ ಪೌಂಡು ಔನ್ಸಿನಲ್ಲಿ,
ಗಂಡೋ ಹೆಣ್ಣೋ. ಹೆಸರಿಲ್ಲ.
"ಹೆಸರು ಬರಕೊಳ್ಳಂಗಿಲ್ಲ, ಕಾಯ್ದೆ ಅದ," ಅಂದಳು.
ಎರಡು ಸಾವಿರದ ಆರುನೂರ ನಾಲ್ಕನೆಯ ಸಾಲಿನಲ್ಲಿ ನಿವೃತ್ತಿ.

ಅಳಿಸಲೇ ಎಂದು ಯಂತ್ರ ಮೂರು ಸಲ ಕೇಳಿತು.
ಹೂಂ ಅನ್ನುವಾಗ ಇಬ್ಬರೂ ಅದರ ಕಡೆ ನೋಡಲಿಲ್ಲ.

ನೂರಕ್ಕೆ ಮೂವತ್ತೇಳಕ್ಕೆ ಬಂದು ನಿಂತಿತು.
ಚಹಾ ಆಯಿತು. ಮೂವತ್ತೇಳು.
ಶುಂಠಿ ಹಚ್ಚಿ ಮೀನು ಕರಿದದ್ದಾಯಿತು. ಮೂವತ್ತೇಳು.
ಗುಂಡಿಯ ಕಡೆ ಚಾಚಿದ ನನ್ನ ಕೈಯನ್ನು
ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು:
"ಜಗ್ಗಬ್ಯಾಡ. ಜಗ್ಗಿದ್ರ ಹರೀತದ.
ತಾನಾಗೇ ಬರತದ. ರಾತ್ರಿ ಮೂರಕ್ಕರೆ ಬರತದ."
ಮೂರಕ್ಕಲ್ಲ, ಹತ್ತೂವರೆಗೆ ಬಂತು,
ನೀಲಿ ಬೆಳಕಿನಲ್ಲಿ, ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುತ್ತ.
ಅತ್ತಿ ಗಡಿಯಾರ ನೋಡಿದಳು, ಅಭ್ಯಾಸಬಲ.

ಎಲ್ಲ ತಿರುಗಿ ತುಂಬಿದೆ. ಸೀಗಲ್ ಬಂತು, ಬಾಯ್ಲರು ಬಂತು.
"ಆ ಕಾಗದ?" ಅಂದಳು. "ನಿಮ್ಮಪ್ಪಗ ಬರೆದದ್ದು. ಕಳಿಸಲಿಲ್ಲ."
ತೆರೆದೆ.
¦æAiÀÄ ಎಂದು ಶುರುವಾಗಿತ್ತು,
ಮುಂದೆ ಪುಟದುದ್ದಕ್ಕೂ
ಟೋಪಿ ಹಾಕಿಕೊಂಡ ಪರದೇಶಿ ಅಕ್ಷರ, ಮುರಿದ ಗೀಟು.
ಹಳೆಯ ಕನ್ನಡ ಫಾಂಟು. ಎತ್ತಿಡುವುದನ್ನು ಮರೆತಿದ್ದೆ.
ಎಲ್ಲ ಇದೆ ಅತ್ತಿ, ಓದಲು ಬರುತ್ತಿಲ್ಲ ಅಷ್ಟೆ.

"ಇರಲಿ ಬಿಡು, ನನಗ ಬಾಯಿಪಾಠ ಐತಿ."
ಗೀಟುಗಳ ಮೇಲೆ ಬೆರಳಾಡಿಸುತ್ತ ಓದಿದಳು:
ಪ್ರಿಯ ತಮ್ಮನಿಗೆ. ಇಲ್ಲಿ ಎಲ್ಲ ಕ್ಷೇಮ.
ಕಳಿಸಿದ ಅಗಸಿ ಹಿಂಡಿ ಮುಟ್ಟಿತು. ಚಳಿ ಭಾಳ.
ಮಗಳು ಓದಲಿ, ದುಡ್ಡಿನ ಚಿಂತೆ ಮಾಡಬೇಡ.
ನಿನ್ನ ಅಕ್ಕ.
ಬೆರಳು ಪುಟದ ಅರ್ಧಕ್ಕೇ ನಿಂತಿತ್ತು.

ಅವಳು ಮಲಗಿದ ಮೇಲೆ
ಬಿಸ್ಕಿಟ್ ಡಬ್ಬಿಯೊಳಗೆ, ದಾರದುಂಡೆಗಳ ಕೆಳಗೆ,
ಧಾರವಾಡದ ಅಂಗಡಿಯ ಚೀಟಿ ಹಚ್ಚಿದ ಸಿ.ಡಿ. ಸಿಕ್ಕಿತು.
ಫಾಂಟು ಹಾಕಿದೆ.
ಪುಟ ಒಮ್ಮೆ ಕಣ್ಣು ಮಿಟುಕಿಸಿ
ಒತ್ತು, ಕೊಂಬು, ತಲೆಕಟ್ಟು ಸಮೇತ ಎದ್ದು ಕೂತಿತು:

ಪ್ರಿಯ ಯಾಕೋಬ,
ಮಗಳ ಫೀಸು ಎಂದು ನೀನು ಮೂರು ಸಲ ತರಿಸಿಕೊಂಡ ದುಡ್ಡು
ಯಾರ ಮನೆಗೆ ಹೋಯಿತೆಂದು ನನಗೆ ಗೊತ್ತು.

ಅಲ್ಲಿಗೇ ಮುಚ್ಚಿದೆ.
ಆ ವರ್ಷ ಔಷಧಶಾಸ್ತ್ರದ ಪುಸ್ತಕ ಕೊಳ್ಳಲಾಗದೆ
ಗೆಳತಿಯದನ್ನು ಇಸಕೊಂಡು ಇಡೀ ಪುಸ್ತಕ
ಕೈಯಲ್ಲಿ ನಕಲು ಮಾಡಿದ್ದೆ. ಆರು ನೋಟುಬುಕ್ಕು.
ಅವು ಈಗ ಎಲ್ಲಿವೆಯೋ.

ಬೆಳಿಗ್ಗೆ ಓಟ್ಸ್ ಗಂಜಿ ತಿರುವುತ್ತ ಕೇಳಿದಳು:
"ಅಕ್ಷರ ಬಂದವೇನು?"
ಬಂದವು ಅತ್ತಿ.
"ನಾ ಓದಿದ್ದ ಐತಿ, ಹೌದಿಲ್ಲೊ?"
ಅದೇ ಇದೆ, ಅಂದೆ. ಅಗಸಿ ಹಿಂಡಿ, ಚಳಿ.
ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯುವವಳ ಹಾಗೆ
ನನ್ನನ್ನೇ ನೋಡಿದಳು.
ಆಮೇಲೆ ಇನ್ನೊಂದು ಸೌಟು ಬಡಿಸಿ,
ಆ ಲಾಟರಿಯವರು ಮತ್ತ ಬರಲೇ ಇಲ್ಲಲ್ಲ, ಅಂದಳು,
ತುಸು ಬೇಸರವಾದಂತೆ.