ಜಾರುವ ಚಕ್ರದ ಪಾಲು

ಒಂದಕ್ಕೆ ಸಾಲುವಷ್ಟೇ ದುಡ್ಡಿದೆ ಎಂದೆ.
ಸಿಲ್ವೊ ಕೈಯೊರೆಸಿಕೊಂಡು, ಬೆಂಚಿನ ಮೇಲೆ ಹಳೇ ಪೇಪರು ಹಾಸಿ,
ಎರಡನ್ನೂ ತಂದಿಟ್ಟ:
ಎಣ್ಣೆ ಜಿನುಗುವ ಒಂದು ಉಕ್ಕಿನ ಗುಂಡು,
ಒಳಗೆ ತೆಳ್ಳನೆ ತಟ್ಟೆಗಳ ಅಡಕಿಲು;
ಪಕ್ಕದಲ್ಲಿ ಸಾಬೂನಿನ ಗಾತ್ರದ ಕಪ್ಪು ಡಬ್ಬಿ,
ಬಾಲಕ್ಕೆ ನಾಲ್ಕು ವೈರು.
"ಇದು ಹಿಡಿಯುತ್ತೆ, ಅದು ತಡೆಯುತ್ತೆ. ಆರಿಸಿಕೋ ತಿಲ್ಕಾ."

ಹೊರಗೆ ಇದ್ರಿಯಾದ ಅಕ್ಟೋಬರ್ ಮಳೆ.
ನನ್ನ ಸಾಸಿವೆ ಬಣ್ಣದ ಕಾರು, ಎರಡೇ ಸೀಟು,
ಇಪ್ಪತ್ತೆಂಟು ವರ್ಷ, ಹಿಂದಿನ ಚಕ್ರದಿಂದ ಓಟ,
ನೆನೆಯುತ್ತ ನಿಂತಿತ್ತು.
ಕಳೆದ ಗುರುವಾರ ಗೊದೊವಿಚ್ ಏರಿನ ನಾಲ್ಕನೇ ತಿರುವಿನಲ್ಲಿ
ಒಳಚಕ್ರ ಬೀಚ್ ಎಲೆಗಳ ಮೇಲೆ ಗಿರ್ರನೆ ಸುತ್ತಿ
ಕಾರು ನಿಂತಲ್ಲೇ ಕೂಗಿಕೊಂಡಿತು.
ಹಿಂದಿದ್ದ ಹಾಲಿನ ಲಾರಿ ಹಾರ್ನ್ ಹೊಡೆಯದೆ ಕಾದದ್ದು
ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ನಿನ್ನದು ತೆರೆದ ಡಿಫರೆನ್ಷಿಯಲ್. ಅದಕ್ಕೆ ಒಂದೇ ನ್ಯಾಯ ಗೊತ್ತು:
ಜಾರುವ ಚಕ್ರ ಎಷ್ಟು ತಾಳುತ್ತೋ
ಗಟ್ಟಿ ನಿಂತ ಚಕ್ರಕ್ಕೂ ಅಷ್ಟೇ ಬಲ.
ಓಟವೆಲ್ಲ ಜಾರುವವನಿಗೆ."
ನಾನು ನಕ್ಕೆ. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಅಪ್ಪ ಪಾದರಸದ ಗಣಿಯಿಂದ ನಡುಗುವ ಬೆರಳು ತಂದವನು.
ಸಂಬಳದ ಲಕೋಟೆ ಬಿಚ್ಚಿದರೆ
ಅದೂ ಪಾದರಸವೇ, ನಾತ್ಸೆಯ ಕಡೆಗೇ ಉರುಳುವುದು.
ನಾತ್ಸೆ ಶಾಲೆಯಿಂದ ಜಾರಿದ, ಪೋಸ್ಟಿನ ಕೆಲಸದಿಂದ ಜಾರಿದ,
ಎರಡು ಮದುವೆಗಳಿಂದ ಜಾರಿದ;
ಜಟ್ಟಿ ಜಾರಿ ಬಿದ್ದದ್ದೂ ಒಂದು ಪಟ್ಟು ಎಂದು ಮೀಸೆ ತಿರುವಿದ.
ನಾನು ನೆಲ ಕಚ್ಚಿ ನಿಂತಿದ್ದೆ.
ನಿಂತವಳಿಗೆ ಏನು ಬೇಕೆಂದು ಯಾರು ಕೇಳುತ್ತಾರೆ?

ಅಮ್ಮ ಆ ಕಪ್ಪು ಡಬ್ಬಿ.
ಲೇಸಿನ ದಿಂಬಿನ ಮುಂದೆ ಕೂತೇ, ಮರದ ಕಡ್ಡಿಗಳ ಟಕಟಕ ನಿಲ್ಲಿಸದೆ
ಯಾರ ದನಿ ಏರುತ್ತಿದೆಯೆಂದು ಎಣಿಸುವಳು.
ಅಪ್ಪ ಮುಷ್ಟಿ ಎತ್ತುವ ಮೊದಲೇ "ಸೂಪು ಆರಿಹೋಗುತ್ತೆ";
ನಾತ್ಸೆ ಬಾಗಿಲು ಬಡಿಯುವ ಮೊದಲೇ ಭುಜದ ಮೇಲೊಂದು ಕೈ;
ನಾನು ಬಾಯಿ ತೆರೆಯುವ ಮೊದಲೇ
ಇಂಜಿನ್ನಿನ ಉಸಿರೇ ಅರ್ಧ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಯಾರಿಗೂ ಏನೂ ಆಗಲಿಲ್ಲ ನಮ್ಮ ಮನೆಯಲ್ಲಿ.
ಎಲ್ಲಿಗೂ ಹೋಗಲೂ ಇಲ್ಲ ನಾವು.

"ಡಬ್ಬಿಯಲ್ಲಿ ತಪ್ಪೇನಿಲ್ಲ," ಸಿಲ್ವೊ ನನ್ನ ಮುಖ ನೋಡದೆ ಅಂದ.
"ಹಿಮದಲ್ಲಿ ಜೀವ ಉಳಿಸುತ್ತೆ. ನನ್ನ ಮಗಳ ಕಾರಿನಲ್ಲಿ ಅದೇ ಇರಲಿ ಅಂತೀನಿ.
ಈ ತಟ್ಟೆಗಳಿವೆಯಲ್ಲ, ಎರಡೂ ಚಕ್ರ ಕೂಡಿ ಜಾರಿದರೆ
ಕೂಡಿಯೇ ಕರೆದೊಯ್ಯುತ್ತವೆ.
ಹಿಂಭಾಗ ಮುಂದೆ ಬಂದು ನಿನ್ನನ್ನು ಮಾತಾಡಿಸುತ್ತೆ."

ಎಷ್ಟು ದಿನ ಬೇಕು, ಕೇಳಿದೆ.
"ಯಾವುದಕ್ಕೆ?"
ಎಣ್ಣೆಯದ್ದನ್ನು ಮುಟ್ಟಿದೆ. ಬೆರಳು ಕಪ್ಪಾಯಿತು.

ಮೂರು ದಿನ ಅಂದವನು ಹನ್ನೊಂದು ಮಾಡಿದ.

ಸತ್ತವರಿಗೆ ದೀಪ ಹಚ್ಚುವ ದಿನ ಅದೇ ಏರು, ಅದೇ ಎಲೆ, ಅದೇ ತೇವ.
ಒಳಚಕ್ರ ಹಗುರಾಗಿ ಜಾರಲು ನೋಡಿತು;
ಕತ್ತಲಲ್ಲಿ ತಟ್ಟೆಗೆ ತಟ್ಟೆ ಒತ್ತಿ
ಹೊರಚಕ್ರಕ್ಕೆ ಅದರ ಪಾಲು ಬಂತು.
ಹಿಂಭಾಗ ಒಂದು ಗೇಣು ಆಚೆ ಸರಿಯಿತು,
ಸ್ಟೀರಿಂಗನ್ನು ಎದುರು ತಿರುಗಿಸಿದೆ,
ಐವತ್ತಾರರ ನನ್ನ ಗಂಟಲಿನಿಂದ
ನಾನು ಕೇಳಿಯೇ ಇರದ ಒಂದು ಸದ್ದು ಹೊರಟಿತು.
ಪಕ್ಕದಲ್ಲಿ ನಾತ್ಸೆ, ತೊಡೆಯ ಮೇಲೆ ಸೇವಂತಿಗೆ ಕುಂಡ,
ಕಣ್ಣು ಮುಚ್ಚಿಕೊಂಡಿದ್ದ.

ಸ್ಮಶಾನದ ಮುಂದಿನ ಇಕ್ಕಟ್ಟಿನಲ್ಲಿ
ಸ್ಟೀರಿಂಗ್ ಪೂರ್ತಿ ಮುರಿದು ಕಾರು ಹೊಂದಿಸುವಾಗ
ಕೆಳಗೆ ತಟ್ಟೆಗಳು ಕಟಕಟ ಗೊಣಗಿದವು:
ಒಂದಕ್ಕೆ ಬೇಗ ಹೋಗಬೇಕು, ಒಂದಕ್ಕೆ ನಿಧಾನ,
ಬಿಡಲೊಲ್ಲವು, ಒಪ್ಪಲೊಲ್ಲವು.
ಮೇಣದಬತ್ತಿ ಹಿಡಿದ ಹೆಂಗಸರು ತಿರುಗಿ ನೋಡಿದರು.
"ಏನೋ ಮುರಿದಿದೆ," ಅಂದ ನಾತ್ಸೆ.
ಇಲ್ಲ. ಇದು ಹೀಗೇ.
ಕುಂಡ ಭಾರ ಇದೆ,
ಆ ಕಡೆ ನೀನು ಹಿಡಿ.