ಅರದ ಪುಡಿ

ಬಲಾರಟ್ಟಿನ ದೊಡ್ಡ ಬೀದಿಗೆ ಬೆನ್ನು ಹಾಕಿದ ಓಣಿಯಲ್ಲಿ
ನನ್ನ ಅಂಗಡಿ. ಬೋರ್ಡಿನ ಮೇಲೆ ಆಭರಣ ರಿಪೇರಿ, ಅಷ್ಟೇ.
ಶನಿವಾರ ಬರುತ್ತಾರೆ, ಬೂಟಿಗೆ ಕೆಮ್ಮಣ್ಣು ಮೆತ್ತಿಕೊಂಡು,
ಡಿಟೆಕ್ಟರಿನ ಕೋಲು ಹೆಗಲಿಗೇರಿಸಿ,
ಬೆಂಕಿಪೊಟ್ಟಣದ ಹತ್ತಿಯ ಮೇಲೆ ಮಲಗಿಸಿದ ಚೂರು ತೋರಿಸಿ
"ನೋಡಿ ಹೇಳಿ" ಅನ್ನುತ್ತಾರೆ, ಉಸಿರು ಬಿಗಿಹಿಡಿದು.

ನಾನು ದೀಪ ಆರಿಸುತ್ತೇನೆ.
ಮೇಜಿನ ಕೆಳಗೆ, ಮೊಣಕಾಲಿನ ಕತ್ತಲಲ್ಲಿ ಹಿಡಿಯುತ್ತೇನೆ.
ಕಾಗೆಬಂಗಾರ ಬಿಸಿಲಲ್ಲಿ ತಿರುಗಿಸಿದಾಗಲೆಲ್ಲ ಕಣ್ಣು ಹೊಡೆಯುತ್ತದೆ,
ನೆರಳಲ್ಲಿ ಸಾಯುತ್ತದೆ.
ಚಿನ್ನಕ್ಕೆ ಆ ಚಾಳಿಯಿಲ್ಲ.
ಅಲ್ಲೂ ಅದೇ ಮಂಕು ಹಳದಿ, ಹಸುವಿನ ಬೆಣ್ಣೆಯ ಹಾಗೆ.
ಹೋದ ವಾರ ಬ್ರೋಡಿ ಅನ್ನುವ ಹುಡುಗನಿಗೆ "ಅಲ್ಲಪ್ಪ" ಅಂದೆ.
ನನ್ನನ್ನೇ ಕಳ್ಳನಂತೆ ನೋಡಿದ.

ಇಷ್ಟು ಗೊತ್ತಿರುವ ನನಗೆ
ಆ ಮಂಗಳವಾರ ಗೊತ್ತಾಗಲಿಲ್ಲ.

ಜುಲೈ. ಬೆಳಗಿನ ಜಾವ ನಾಲ್ಕೂ ಹತ್ತು. ಗಾಜಿನ ಒಳಮೈಗೂ ಹಿಮ.
ಟ್ರೆವಿನ್ ಮುದುಕನ ತೀರಿಹೋದ ಹೆಂಡತಿಯ ಉಂಗುರ
ಅವನ ಕಿರುಬೆರಳಿಗೆ ಹೊಂದಲೆಂದು
ಒಳಬದಿಗೆ ಅರ ಹಾಕುತ್ತಿದ್ದೆ.
ಅರ ನಿಂತಿತು. ನಾನು ನಿಲ್ಲಿಸಲಿಲ್ಲ.
ಹೀಟರಿನ ಗೊರಗೊರ ಎಲ್ಲಿಗೋ ಹೋಯಿತು.
ಅಜ್ಜಿಯೊಬ್ಬಳೇ ಕರೆಯುತ್ತಿದ್ದ ಹೆಸರಿನಲ್ಲಿ
"ಮೋನೂ" ಅಂದ ಹಾಗಾಯಿತು,
ಕಿವಿಗಲ್ಲ, ಎದೆಗೂಡಿನ ಒಳಗೋಡೆಗೆ.
ಅತ್ತುಬಿಟ್ಟೆ. ಎಷ್ಟು ಹೊತ್ತೋ.
ಕಣ್ಣೊರೆಸಿಕೊಂಡಾಗ ಉಂಗುರ ಇನ್ನೂ ಬೆಚ್ಚಗಿತ್ತು.

ಆಮೇಲೆ ನಾನು ಮಾಡಿದ್ದು ನಾಚಿಕೆಗೇಡು.
ಮೆಲ್ಬರ್ನಿನ ಭಜನೆಯವರಿಗೆ ಹೇಳಿದೆ. ಫೋನಿನಲ್ಲಿ ತಮ್ಮನಿಗೆ ಹೇಳಿದೆ.
ಹೇಳಿದಾಗಲೆಲ್ಲ ಅದನ್ನು ಬಿಸಿಲಿಗೆ ತಿರುಗಿಸಿದೆ, ಮಿನುಗಿತು.
ಮೂರನೆಯ ಸಲಕ್ಕೆ ಅದರಲ್ಲಿ ಬೆಳಕು ಸೇರಿತ್ತು, ಗಂಧದ ವಾಸನೆಯೂ.
"ಕಾಳಮ್ಮನೇ ಬಂದಿದ್ದಾಳೆ" ಅಂದರು ಯಾರೋ.
ನಾನು ಅಲ್ಲವೆನ್ನಲಿಲ್ಲ.
ಡಾಕ್ಟರು ಸಕ್ಕರೆ ಪರೀಕ್ಷೆ ಬರೆದುಕೊಟ್ಟರು.
ಸುಗುಣ ಕೇಳಿದ್ದು ಒಂದೇ:
"ಬಂದವರು ಏನು ಕೆಲಸ ಹೇಳಿದರು?"
ಏನೂ ಇಲ್ಲ, ಹೆಸರು ಕೂಗಿದರು, ಅಂದೆ.
"ಹೊತ್ತಲ್ಲದ ಹೊತ್ತಲ್ಲಿ ಹೆಸರು ಕೂಗೋರು
ಸಾಲ ಕೊಟ್ಟೋರು" ಅಂದು ಸಾರಿಗೆ ಒಗ್ಗರಣೆ ಹಾಕಿದಳು.

ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡನೆಂದು ಗಾದೆ.
ನನ್ನ ಮೇಜಿನಡಿ ತೊಗಲಿನ ಜೋಲಿ,
ಅದರಲ್ಲಿ ಉದುರಿದ ಪುಡಿಯನ್ನು ತಿಂಗಳಿಗೊಮ್ಮೆ ಗುಡಿಸಿ
ಬಿಸ್ಕತ್ತಿನ ಡಬ್ಬಿಗೆ. ಅಪ್ಪನೂ ಹಾಗೇ, ಅವನಪ್ಪನೂ.
ಕಳ್ಳತನವೆಂದು ಯಾರೂ ಅಂದದ್ದಿಲ್ಲ,
ಗಾದೆಯೊಂದನ್ನು ಬಿಟ್ಟು.

ಆಗಸ್ಟಿನ ಒಂದು ಗುರುವಾರ ಆ ಉಂಗುರ ಮುಗಿಸಿ ಕುಂಚ ಎತ್ತಿದೆ.
ಕೈ ಬರಲಿಲ್ಲ.
ಬೆಳಕಿಲ್ಲ, ಗಂಧವಿಲ್ಲ, ಯಾರೂ ಕರೆಯಲಿಲ್ಲ.
ಹಲ್ಲಿನ ಸಂದಿಗೆ ಸಿಕ್ಕ ನಾರಿನಂಥ ಕಿರಿಕಿರಿ, ಅಷ್ಟೇ.
ಅವನ ಪುಡಿಯನ್ನಷ್ಟೇ ಬೇರೆ ಮಾಡಿ ತೂಗಿದೆ.
ಒಂದು ಗುಲಗಂಜಿಗೂ ಕಡಿಮೆ.
ಕಾಗದದಲ್ಲಿ ಮಡಿಸಿ, ಅಂಗಾರದ ಪೊಟ್ಟಣದಂತೆ, ಅವನ ಕೈಗಿಟ್ಟೆ.

ಟ್ರೆವಿನ್ ಬಿಡಿಸಿದ. ಹತ್ತಿರಕ್ಕೆ ಹಿಡಿದ.
ಸೀನಿದ.

ಒಂದು ಗಳಿಗೆ ಇಬ್ಬರೂ ಸುಮ್ಮನೆ ನಿಂತೆವು.
"ಡಾಫ್ನಿ ಇದ್ದಿದ್ದರೆ ಬಿದ್ದು ಬಿದ್ದು ನಗೋಳು" ಅಂದ.
ಮೇಜಿನಡಿ ಮೊಣಕಾಲೂರಿದೆವು, ಎಂಬತ್ತರ ಅವನು, ಅರವತ್ತರ ನಾನು,
ಹಲಗೆಯ ಬಿರುಕುಗಳಲ್ಲಿ ಬೆರಳಾಡಿಸುತ್ತ.
ಡಬ್ಬಿ ಪಕ್ಕದಲ್ಲೇ ಇತ್ತು, ತುಂಬಿ.
ಇಪ್ಪತ್ತು ವರ್ಷದ್ದು. ಯಾರದ್ದು ಎಷ್ಟೆಂದು
ಇನ್ನು ದೇವರೂ ಬಿಡಿಸಲಾರ.

ಅವತ್ತು ಬಂದದ್ದು ಅವನೋ, ನಿದ್ದೆಗೆಟ್ಟ ನೆತ್ತರೋ,
ಈಗಲೂ ಹೇಳಲಾರೆ.

"ದೀಪ ಹಾಕಲಾ?" ಕೇಳಿದ ಮುದುಕ.
ಬೇಡ, ಅಂದೆ.