ಕ್ಲಚ್ಚಿನ ಕಾಲು

ಬಿಡವಲ್ದು.
ಪೆಡಲ್ ತಳ ಮುಟ್ಟೂಮಟ ತುಳದ್ರೂ
ಗೇರ್ ಹಾಕೂಮುಂದ ಕರ್ರ್ ಅಂತ ಹಲ್ಲು ಕಡಿತೈತಿ
ನಮ್ಮ ಸಣ್ಣ ಟ್ರ್ಯಾಕ್ಟರು.
ಪ್ಯಾರಲ ಗಿಡದ ಸಾಲಿನಾಗ ಹಾಯೂವಷ್ಟ ಅಗಲದ್ದು,
ನಾ ಬರೂಕಿಂತ ನಾಕು ವರ್ಷ ಮೊದಲ ಬಂದದ್ದು,
ಹಂಗಾಗಿ ಈ ಮನ್ಯಾಗ ನನಗಿಂತ ಹಿರೇದು.

ಅತ್ತಿ ಬೇವಿನ ನೆರಳಾಗ ಕುರ್ಚಿ ಹಾಕಿಸಿಕೊಂಡು ಕೂತಾರ.
ಎಡ ಮಣಕಾಲಿಗೆ ಆಪರೇಶನ್ ಆಗಿ ಮೂರು ತಿಂಗಳು.
ಎಡಗಾಲು ಅಂದ್ರ ಕ್ಲಚ್ಚಿನ ಕಾಲು.
ಅದಕ್ಕ ಮೂರು ತಿಂಗಳು, ಇಡೀ ಮಳಿಗಾಲ,
ತಗಡಿನ ಕೆಳಗ ಟ್ರ್ಯಾಕ್ಟರ್ ಕದಲಿಲ್ಲ,
ಅವರ ಸೆರಗಿನ ಗಂಟಿನಾಗ ಕೀಲಿ ಕದಲಿಲ್ಲ.

‘ಮೊದಲ ಆಟ ನೋಡು’ ಅಂದ್ರು.
ಆಟ ಅಂದ್ರ ಪೆಡಲಿನ ಆಟ:
ಕೈಲೆ ಒತ್ತಿದ್ರ ಎರಡು ಬೆರಳಷ್ಟು ಸುಮ್ಮನ ಹೋಗಬೇಕು,
ಆಮ್ಯಾಲ ಬಿಗಿ ಹತ್ತಬೇಕು.
ನಾಕು ಬೆರಳು ಹೋತು.
ಅಂಗಾತ ಮಲಗಿ ರಾಡಿನ ನಟ್ಟು ಬಿಗಿದೆ,
ಎರಡು ಸುತ್ತು ಮುಂದ, ಅರ್ಧ ಸುತ್ತು ಹಿಂದ.
ಸ್ಪ್ರಿಂಗಿಗೆ ಎಣ್ಣಿ ಬಿಟ್ಟೆ, ಶಾಫ್ಟಿಗೆ ಗ್ರೀಸ್ ಹೊಡದೆ.
ಎಲ್ಲಾ ಸರಿ ಆತು,
ಕರ್ರ್ ಅನ್ನೂದೊಂದು ಬಿಟ್ಟು.

ಹುಬ್ಬಳ್ಳಿಗೆ, ದಾವಲಸಾಬಗ ಫೋನ್ ಹಚ್ಚಿದ್ವಿ.
ಫೋನಿನಾಗ ಸಪ್ಪಳ ಕೇಳಿದ.
‘ಎರಡು ಭಾಗ ಮಾಡಬೇಕ್ರೀ ಅವ್ವಾರ,
ಎಂಜಿನ್ ಒಂದ್ಕಡೆ, ಗೇರ್‌ಬಾಕ್ಸ್ ಒಂದ್ಕಡೆ.
ಹದಿನಾಕು ಸಾವಿರದ ಮ್ಯಾಲ.’
ಅತ್ತಿ ಫೋನು ನನ್ನ ಕೈಗೆ ಕೊಟ್ಟು
ಎಲಿ ಮಡಚಿ ಬಾಯಿಗೆ ಹಾಕ್ಕೊಂಡ್ರು.
‘ಸವದಿಲ್ಲ ಅದು. ಥಂಡಿ ಹಿಡದೈತಿ.
ಕುಂತ ಕುಂತ ಪ್ಲೇಟಿಗೆ ಜಂಗ್ ಬಂದು
ಫ್ಲೈವೀಲಿಗೆ ಅಂಟಿಕೊಂಡೈತಿ.’
ಸ್ವಲ್ಪ ಹೊತ್ತು ಬಿಟ್ಟು,
‘ವಾರಕ್ಕೊಮ್ಮೆ ಚಾಲೂ ಮಾಡಿದ್ರ ಹಿಂಗ ಆಗತಿದ್ದಿಲ್ಲ.’

ನಾ ಸೆರಗಿನ ಗಂಟು ನೋಡಿದೆ.
ಅವರು ಕೆಲಗೇರಿ ಕೆರಿ ಕಡೆ ನೋಡಿದ್ರು.

‘ಆ ಗಿಡ್ಡ ಒನಕಿ ತಗೊಂಡ ಬಾ, ಶೇಂಗಾ ಕುಟ್ಟೂದು.’
ಪೆಡಲ್ ತಳಕ್ಕ ತುಳದು ಹಿಡದು
ಒನಕಿ ಒಂದು ತುದಿ ಪೆಡಲಿಗೆ,
ಇನ್ನೊಂದು ತುದಿ ಸೀಟಿನ ಕಬ್ಬಿಣಕ್ಕ ಆನಿಸಿ
ರಾತ್ರಿಯೆಲ್ಲಾ ಹಂಗ ಬಿಟ್ವಿ.
ನಿದ್ದಿ ಹತ್ತಲಿಲ್ಲ. ಅತ್ತಿ ಖೋಲ್ಯಾಗೂ ಲೈಟ್ ಇತ್ತು,
ಡಾಕ್ಟರ್ ಹೇಳಿದ್ದ ಲೆಕ್ಕ ನಡದಿತ್ತು,
ಮಣಕಾಲು ಮಡಚೂದು, ನೀಡೂದು:
ಹನ್ನೊಂದು, ಹನ್ನೆರಡು, ಯವ್ವಾ, ಹದಿಮೂರು.

ಮುಂಜಾನೆ ಗಂಟು ಬಿಚ್ಚಿದ್ರು.
ಹಲ್ಲಿಲೆ ಬಿಚ್ಚಬೇಕಾತು, ಅಷ್ಟು ಬಿಗಿ.
‘ಏರು.’
ನನಗ ಸ್ಕೂಟಿ ಗೊತ್ತು, ಓಮ್ನಿ ಗೊತ್ತು.
ಹದಿನೇಳು ವರ್ಷದಾಗ ಆ ಸೀಟಿಗೆ ಅವತ್ತ ಕೂತದ್ದು.
ನ್ಯೂಟ್ರಲ್‌ನಾಗ ಅರ್ಧ ತಾಸು ಓಡಿಸಿ ಕಾಸಿದೆ.
ಬಂದ್ ಮಾಡಿ ಮೂರನೇ ಗೇರು ಹಾಕಿದೆ.
ಕ್ಲಚ್ ತುಳದು ಕೀಲಿ ತಿರುವಿದ್ದ ತಡ
ಕೊಸರಿಕೊಂಡು ಜಿಗೀತು ಮುಂದಕ್ಕ.
ಸಾಲಿನಾಗ ನಾನು, ಗಿಡ ಬಿಟ್ಟು ಹಾರಿದ ಗಿಣಿ,
ಹಿಂದಿಂದ ಅತ್ತಿ:
‘ಕ್ಲಚ್ ಬಿಡಬ್ಯಾಡ! ಬ್ರೇಕ್ ಒದಿ!
ಬ್ರೇಕ್ ಬಿಡು! ಮತ್ತ ಒದಿ!’

ಐದನೇ ಗಿಡ. ಎಂಟನೇ ಗಿಡ.
ಹನ್ನೊಂದನೇ ಗಿಡದ ಹತ್ರ ಒಳಗ ಎಲ್ಲೋ
ಟಕ್ ಅಂತು, ಬೆರಳಿನ ಲಟಿಕಿ ಮುರದಂಗ.
ಗಾಡಿ ನಿಂತ್ತು. ಎಂಜಿನ್ ನಿಲ್ಲಲಿಲ್ಲ.
ಡುಗು ಡುಗು ಅಂತ ತನ್ನ ಪಾಡಿಗೆ ತಾನು,
ಗಾಲಿ ತಮ್ಮ ಪಾಡಿಗೆ ತಾವು.
ನನ್ನ ಎಡಗಾಲು ತೊಡಿಮಟ ನಡಗತಿತ್ತು.

ಅತ್ತಿ ಕೋಲು ಊರಿಕೋತ
ಹನ್ನೊಂದು ಗಿಡ ನಡದು ಬಂದ್ರು.
ಒಂದೊಂದು ಗಿಡ ಹಿಡದು ನಿಂತು, ಮತ್ತ ನಡದು.
ಬಂದವರು ಶಾಭಾಸ್ ಅನ್ನಲಿಲ್ಲ. ಕೀಲಿ ಕೇಳಿದ್ರು.
ಕೊಟ್ಟೆ.
ಸೆರಗಿಗೆ ಕಟ್ಟಿಕೊಂಡ್ರು, ಈ ಸರ್ತೆ ಸರಗುಣಿಕಿ,
ಜಗ್ಗಿದ್ರ ಬಿಚ್ಚೂವಂಥದ್ದು.

ಒನಕಿ ನಾಕು ಸರ್ತೆ ತೊಳದೀನಿ, ಸೀಗಿಪುಡಿ ಹಚ್ಚಿ.
ಆದ್ರೂ ಐತವಾರದ ಶೇಂಗಾ ಹಿಂಡ್ಯಾಗ
ಎಲ್ಲೋ ಒಂದು ಎಳಿ ಗ್ರೀಸಿನ ವಾಸನಿ.
ಮನಿಯವರು ಮೊದಲ ತುತ್ತಿಗೆ ನಿಂತು
ತಾಯಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು.
‘ಇನ್ನೊಂದು ರೊಟ್ಟಿ ಹಾಕವಾ ಅವಗ’
ಅಂದ್ರು ಅತ್ತಿ.